ಸುಬ್ಬಯ್ಯನವರ ಕೂಪನ್ನು

೧೨ ಜನವರಿ ೧೯೬೪, ಭಾನುವಾರ

ಇದನ್ನು ಮೊದಲು ಹೇಳಿದವಳು ಕನ್ನಮ್ಮ, ನಿನ್ನೆ ಸಂಜೆ, ಬಾವಿಕಟ್ಟೆಯಲ್ಲಿ. ನಮ್ಮೂರ ಅಂಗಡಿ ಸುಬ್ಬಯ್ಯನವರು ಚಹಾಪುಡಿ ಕೊಂಡವರಿಗೆ ಕೂಪನ್ನು ಕೊಡುತ್ತಾರೆ. ಹನ್ನೆರಡು ಕೂಡಿಸಿದರೆ ಸೋಪು ಪುಕ್ಕಟೆ. ಒಂದು ಕಡಿಮೆಯಿದ್ದರೂ ವಾಪಸು ಕಳಿಸುವ ಮನುಷ್ಯ.

"ನನ್ಹತ್ರ ನಾಕೇ ಇದ್ವು. 'ಇದ್ದಷ್ಟು ಕೊಡು ಮಾರಾಯ್ತಿ, ಸೋಪು ತಗೊಂಡ್ಹೋಗು, ನಾಳೆಯಿಂದ ಅಂಗಡಿ ಇಲ್ಲ' ಅಂದ್ರು."

"ಮುದುಕನಿಗೆ ಅರಳುಮರಳು!" ಎಂದು ಪಕ್ಕದ ಮನೆಯ ಮೂಕಮ್ಮ ನಕ್ಕಳು.

"ಅಲ್ಲ ಕಣೇ. ಮೊನ್ನೆ ಅಣೆಕಟ್ಟಿನ ಆಫೀಸಿಗೆ ಹೋಗಿ ಬಂದಾರೆ."

ಆಮೇಲೆ ಯಾರೂ ನಗಲಿಲ್ಲ. ಅಣೆಕಟ್ಟಿನ ನೀರು ನಮ್ಮೂರಿನವರೆಗೆ ಏರುವುದಿಲ್ಲವೆಂದೇ ಇಷ್ಟು ದಿನ ನಂಬಿದ್ದೆವು. ಆಫೀಸಿನಲ್ಲಿ ಏನು ಹೇಳಿದರೆಂದು ಸುಬ್ಬಯ್ಯನವರನ್ನು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ.

ಇವತ್ತು ಬೆಳಿಗ್ಗೆ ಎದ್ದು ನೋಡಿದರೆ, ಮೂಕಮ್ಮ ತನ್ನ ಮಾಡಿನ ಹೆಂಚು ಇಳಿಸುತ್ತಿದ್ದಳು. ನಾನೂ ನಮ್ಮ ಮಾಡಿಗೆ ಏಣಿ ಹಾಕಿದೆ.