ಒಂದು ‘ಹೂಂ’ ಅಶಿಸ್ತಾದ ಬಗೆ

ಮಾನ್ಯ ಪ್ರಾಂಶುಪಾಲರೇ,

ಕತೆ ಕೇಳಿದ ತಪ್ಪಿಗಾಗಿ ಒಬ್ಬ ಮುದುಕಿಯಿಂದ ಕ್ಷಮಾಪಣೆ ಬರೆಸಿಕೊಳ್ಳಲು ಬಸವಕಲ್ಯಾಣದ ನಿಮ್ಮ ಕಾಲೇಜು ಹೊರಟಿದೆ. ಆ ಕತೆ ನನ್ನದು. ನಿಮ್ಮ ಕಚೇರಿಗೆ ಬರೆದ ಪತ್ರಕ್ಕೆ ಉತ್ತರ ಬರಲಿಲ್ಲ. ಆದ್ದರಿಂದ ಎಲ್ಲರೆದುರು ಈ ಬಹಿರಂಗ ಪತ್ರ.

‘ಸಂದರ್ಶಕ ಸಾಹಿತಿ’ ಎಂಬ ನಿಮ್ಮ ಆನ್‌ಲೈನ್ ವಾಚನ ಮಾಲಿಕೆಗೆ ನನ್ನನ್ನು ಕರೆದಿರಿ. ನಾನಿರುವುದು ಹುಮನಾಬಾದಿನಲ್ಲಿ, ಬಸ್ಸು ಹತ್ತಿದರೆ ಒಂದು ತಾಸಿನೊಳಗೆ ನಿಮ್ಮ ಊರಲ್ಲಿ ಇಳಿಯುತ್ತೇನೆ. ಬರುತ್ತೇನೆ ಎಂದೆ. ‘ಬ್ಯಾಡ್ರಿ ಸರ್, ನೀವು ಬಂದ್ರ ಮಾಲಿಕೆ ಆನ್‌ಲೈನ್ ಹ್ಯಾಂಗ ಆಗ್ತದ?’ ಎಂದರು ನಿಮ್ಮ ಸಂಯೋಜಕರು. ಹೀಗೆ, ಎಲ್ಲಿಗೂ ಹೋಗದೆ ಸಂದರ್ಶಕನಾದೆ. ಮನೆಯ ಗೋಡೆಗೆ ಬೆನ್ನು ಕೊಟ್ಟು, ಪರದೆಯ ಮೇಲಿನ ಕಪ್ಪು ಚೌಕಗಳಿಗೆ ಓದತೊಡಗಿದೆ. ಪ್ರತಿ ಚೌಕದಲ್ಲೂ ಒಂದು ಹೆಸರು. ಹೆಸರಿನ ಹಿಂದೆ ಯಾರಾದರೂ ಇದ್ದಾರೆಯೇ ಎಂಬುದು ನಂಬಿಕೆಗೆ ಬಿಟ್ಟ ವಿಷಯ. ನನಗೆ ಇದು ಹೊಸದೇನಲ್ಲ. ಪುಸ್ತಕ ಬರೆಯುವುದೂ ಹೆಚ್ಚುಕಡಿಮೆ ಹೀಗೆಯೇ.

ಓದಿದ್ದು ಮಾಣಿಕನಗರದ ಬಳೆ ಅಂಗಡಿಯ ಹೆಂಗಸೊಬ್ಬಳ ಕತೆ. ಒಂದು ಸಂಜೆ ಅವಳು ಅಂಗಡಿಯನ್ನು ತೆರೆದಂತೆಯೇ ಬಿಟ್ಟು ಆಟೋ ಹತ್ತಿ ಹೊರಟುಹೋಗುತ್ತಾಳೆ. ಮೊದಲ ವಾಕ್ಯ ಮುಗಿಯುತ್ತಲೇ ಒಂದು ದನಿ ಬಂತು: ‘ಹೂಂ.’ ಎರಡನೆಯದಕ್ಕೆ ಮತ್ತೆ, ‘ಹೂಂ.’ ದನಿ ಬಂದ ಚೌಕ ದೊಡ್ಡದಾಗುವುದು ಆ ಯಂತ್ರದ ರೂಢಿ. ಕಪ್ಪಿನ ನಡುವೆ ಅರ್ಧ ಮುಖ, ಒಂದು ಮೂಗುತಿ, ಹಿಂದೆ ಆಡಿನ ಕಿವಿ. ಕೊಹಿನೂರು ಎಂಬ ಹಳ್ಳಿಯಲ್ಲಿ ನಿಮ್ಮ ಬಿ.ಎ. ವಿದ್ಯಾರ್ಥಿನಿ ಉಮಾದೇವಿ ಮೊಬೈಲು ಹಿಡಿದು ಕೂತಿದ್ದಳು. ಪಕ್ಕದಲ್ಲಿ ಅವಳು ‘ಆಯಿ’ ಎಂದು ಕರೆಯುವ ಅಜ್ಜಿ ಧೂಳಮ್ಮ. ನಮ್ಮ ಕಡೆ ಯಾರಾದರೂ ಕತೆ ಹೇಳಿದರೆ ಕೇಳುವವರು ಹೂಂಗುಟ್ಟಬೇಕು. ಇಲ್ಲವಾದರೆ ಹೇಳುವವರು ನಿಲ್ಲಿಸಿಬಿಡುತ್ತಾರೆ. ಇದನ್ನು ಒಂದು ಕಾಲೇಜಿಗೆ ವಿವರಿಸಬೇಕಾಗಿ ಬಂದಿದೆ, ಇರಲಿ.

ನನ್ನ ಕತೆಗಳು ಮೌನಕ್ಕೆ ಹೆಸರಾದವು. ಅಂದು ನನ್ನ ವಾಕ್ಯಗಳು ಆ ಹೂಂಗಾಗಿ ಕಾಯತೊಡಗಿದ್ದನ್ನು ಸ್ವಲ್ಪ ಸಂಕೋಚದಿಂದಲೇ ಗಮನಿಸಿದೆ. ಹೆಂಗಸು ಆಟೋ ಹತ್ತಿದಾಗ ಧೂಳಮ್ಮ ತಡೆಯಲಾರದೆ, ‘ಬಾಗಲಾ ಹಾಂಗೇ ಬಿಟ್ಟು ಹೋದ್ಳಾ? ಎಂಥಾ ಹುಚ್ಚಿ ಅದಾಳ! ಮುಂದ?’ ಎಂದಳು. ಮುಂದೆ ಆ ಚೌಕವೇ ಇಲ್ಲ. ನೆಟ್‌ವರ್ಕ್ ಹೋಯಿತೆಂದು ನಿಲ್ಲಿಸಿದೆ. ‘ಡಿಸ್ಟರ್ಬನ್ಸ್ ತೆಗದೀವ್ರಿ ಸರ್, ಈಗ ಆರಾಮ ಓದ್ರಿ’ ಎಂದರು ಸಂಯೋಜಕರು. ಕೇಳುವವರನ್ನು ಹೊರಗೆ ಹಾಕಿ ವಾಚನ ನಡೆಸುವ ಈ ವಿದ್ಯೆಯನ್ನು ಎಲ್ಲಿ ಕಲಿತಿರಿ?

ಈಗ ಉಮಾದೇವಿಗೆ ನೋಟಿಸು ಬಂದಿದೆ: ಕಾರ್ಯಕ್ರಮದ ಗಾಂಭೀರ್ಯಕ್ಕೆ ಧಕ್ಕೆ. ಅಂದಿನ ಹಾಜರಿ ಇಲ್ಲ. ಪೋಷಕರ ಸಹಿಯಿರುವ ಕ್ಷಮಾಪಣೆ ತರುವವರೆಗೆ ಆಂತರಿಕ ಅಂಕಗಳೂ ಇಲ್ಲ. ತಂದೆ ಕುರಿಗಳ ಹಿಂದೆ ಊರೂರು ಅಲೆಯುವವನು. ಮನೆಯಲ್ಲಿರುವ ಪೋಷಕಿ ಧೂಳಮ್ಮನೇ. ಅಂದರೆ, ಹೂಂ ಎಂದವಳೇ ಹೂಂ ಎಂದದ್ದಕ್ಕೆ ಹೆಬ್ಬೆಟ್ಟು ಒತ್ತಬೇಕು. ಅಂದು ವಾಚನ ಮುಗಿದು ವಂದನಾರ್ಪಣೆಯಾದ ಮೇಲೂ ಹಲವು ಹೆಸರುಗಳು ಪರದೆಯ ಮೇಲೆ ಹಾಗೇ ಉಳಿದಿದ್ದವು. ಅವನ್ನು ಒಯ್ಯಲು ಯಾರೂ ಬರಲಿಲ್ಲ. ಹೆಸರು ಬಿಟ್ಟು ಎದ್ದುಹೋದ ಅವರಿಗೆಲ್ಲ ಹಾಜರಿ ಸಿಕ್ಕಿದೆ, ಪ್ರಮಾಣಪತ್ರವೂ ಸಿಕ್ಕಿದೆ. ಗಾಂಭೀರ್ಯವೆಂದರೆ ಅಲ್ಲಿ ಇಲ್ಲದಿರುವುದು ಎಂದೇ ನಿಮ್ಮ ತಿಳುವಳಿಕೆ?

ಉಮಾದೇವಿ ನನಗೆ ಫೋನು ಮಾಡಿದಳು. ‘ತಪ್ಪಾತ್ರಿ ಸರ್. ಹೂಂ ಅನಬ್ಯಾಡ ಅಂದ್ರ ಆಯಿ ಕೇಳಂಗಿಲ್ರಿ. ಪಾಪ, ಅವರಿಗಿ ನಾವು ಕಾಣಂಗಿಲ್ಲ, ಎಚ್ಚರ ಇದ್ದೀವೋ ಮಲಗೀವೋ ಹ್ಯಾಂಗ ತಿಳೀಬೇಕು ಅಂತಾಳ್ರಿ.’ ಹಿಂದಿನಿಂದ ಅಜ್ಜಿಯ ದನಿ: ‘ಏ ತಮ್ಮಾ, ಆಕಿ ಹೊಳ್ಳಿ ಬಂದ್ಳೋ ಇಲ್ಲೋ, ಅಷ್ಟ್ ಹೇಳು!’

ಅದನ್ನು ಕತೆಯಲ್ಲಿ ನಾನು ಹೇಳಿಲ್ಲ. ಹೇಳದಿದ್ದುದನ್ನು ವಿಮರ್ಶಕರು ಮೆಚ್ಚಿದ್ದಾರೆ. ಆದರೂ ಪುಸ್ತಕ ತಂದು, ಬಿಟ್ಟಲ್ಲಿಂದ ಓದತೊಡಗಿದೆ. ಒಮ್ಮೆ ‘ಹೂಂ’ ಬಂತು. ಕೂಡಲೇ ಮೊಮ್ಮಗಳ ಪಿಸುದನಿ: ‘ಆಯಿ, ಸುಮ್ಕಿರು. ಮತ್ತ ನೋಟಿಸ್ ಬರ್ತದ.’ ಆಮೇಲೆ ಕೊನೆಯವರೆಗೂ ಆ ಕಡೆಯಿಂದ ಸದ್ದಿಲ್ಲ. ಧೂಳಮ್ಮ ಕೇಳಿದಳೋ, ಎದ್ದು ಹೋದಳೋ, ನನಗೆ ತಿಳಿಯದು. ಅಭಿನಂದನೆಗಳು. ನಿಮ್ಮ ಶಿಸ್ತು ಕೊಹಿನೂರಿನವರೆಗೂ ತಲುಪಿದೆ.

ನೋಟಿಸನ್ನು ಹಿಂತೆಗೆದುಕೊಳ್ಳಿ. ಹುಡುಗಿಗೆ ಅವಳ ಹಾಜರಿ ಮತ್ತು ಅಂಕ ಕೊಡಿ. ಆಮೇಲೆ ನಿಮ್ಮ ಸಭಾಂಗಣದ ಬೀಗ ತೆಗೆಸಿ. ನಾನು ಬಸ್ಸಿನಲ್ಲಿ ಬರುತ್ತೇನೆ. ಧೂಳಮ್ಮನನ್ನು ಕರೆತರುವ ಹೊಣೆ ನಿಮ್ಮದು, ಮಾತಾಡಬಹುದು ಎಂದು ಅವಳಿಗೆ ಹೇಳುವ ಹೊಣೆಯೂ ನಿಮ್ಮದೇ. ಮೊದಲ ವಾಕ್ಯ ಓದಿ ನಿಲ್ಲಿಸುತ್ತೇನೆ. ಅವಳು ಹೂಂ ಅನ್ನದ ಹೊರತು ಎರಡನೆಯದಿಲ್ಲ.

ಇಂತಿ,
ನಿಮ್ಮಲ್ಲಿಗೆ ಬಾರದೆಯೇ ಬಂದುಹೋದ ಸಾಹಿತಿ,
ಹುಮನಾಬಾದ