ಇದ್ರೀಸನಿಗೆ ನಾನು ಏನೆಂದು ಉತ್ತರ ಕೊಡಲಿ?

ನನಗೆ ಒಮ್ಮೆ ಶಾಲು ಹೊದಿಸಿದ, ಈಗ ಮತ್ತೊಮ್ಮೆ ಹೊದಿಸಲು ಕರೆದಿರುವ ಅಧಿಕಾರಿಗಳೇ,

ತಮ್ಮ ಕಚೇರಿಯಿಂದ ಒಂದೇ ವಾರದಲ್ಲಿ ನನಗೆ ಎರಡು ಕಾಗದ ಬಂದವು. ಮೊದಲನೆಯದು ಆದರದ ಆಹ್ವಾನ: ಸ್ವಾತಂತ್ರ್ಯ ದಿನದಂದು ವೇದಿಕೆಗೆ ಬಂದು, ಯುದ್ಧದ ಊರಿನಿಂದ ನಾನು ಪಾರಾಗಿ ಬಂದ ಕಥೆಯನ್ನು ಶಾಲಾ ಮಕ್ಕಳಿಗೆ ಹೇಳಬೇಕು. ಎರಡನೆಯದು, ಅದೇ ಊರಿನಲ್ಲಿ ನನ್ನ ಜೀವ ಉಳಿಸಿದ ಮನುಷ್ಯನ ಮಗಳು ಹವ್ವಾ, ನನ್ನನ್ನು ಸ್ಥಳೀಯ ಪೋಷಕನೆಂದು ತೋರಿಸಿ, ನಮ್ಮಲ್ಲಿಗೆ ಓದಲು ಬರಲು ಹಾಕಿದ ವೀಸಾ ಅರ್ಜಿಯ ಮೇಲೆ ತಾವು ನಡೆಸಿದ ಸ್ಥಳೀಯ ವಿಚಾರಣೆಯ ಫಲ: ‘ಅರ್ಜಿದಾರಳಿಗೂ ಸ್ಥಳೀಯ ಪೋಷಕರಿಗೂ ಇರುವ ಸಂಬಂಧ ಸ್ಪಷ್ಟವಾಗಿಲ್ಲ. ಮರುವಿಚಾರಣೆಗೆ ಬಾಕಿ ಇಡಲಾಗಿದೆ.’ ಎರಡರ ಕೆಳಗೂ ಒಂದೇ ಸಹಿ. ತಾವು ಎರಡನ್ನೂ ಓದಿಯೇ ಸಹಿ ಮಾಡಿದಿರಾ? ಓದಿದ್ದರೆ ತಮಗೆ ನಾಚಿಕೆಯಾಗಬೇಕಿತ್ತು. ಆದಂತೆ ಕಾಣುವುದಿಲ್ಲ. ಹಾಗಾಗಿ ನಾಚುವ ಕೆಲಸವೂ ನನ್ನ ಪಾಲಿಗೇ ಬಂದಿದೆ, ಮಾಡುತ್ತಿದ್ದೇನೆ.

ಈ ಪತ್ರವನ್ನು ಊರವರೂ ಓದಲಿ ಎಂದು ಬಹಿರಂಗವಾಗಿ ಬರೆಯುತ್ತಿರುವುದರಿಂದ ನನ್ನ ಪರಿಚಯ ಹೇಳಿಬಿಡುತ್ತೇನೆ. ನಾನು ದಿಗಂಬರ. ಹುಮನಾಬಾದಿನ ಕೈಗಾರಿಕಾ ಪ್ರದೇಶದಲ್ಲಿ ಮಾತ್ರೆ ಒತ್ತುವ ಯಂತ್ರಗಳ ಫಿಟ್ಟರ್. ಕೆಲವು ವರ್ಷಗಳ ಹಿಂದೆ ಸುಡಾನ್ ದೇಶದ ಖಾರ್ತೂಮಿನ ಔಷಧ ಕಾರ್ಖಾನೆಯೊಂದಕ್ಕೆ ಇದೇ ಕೆಲಸಕ್ಕೆ ಹೋದೆ. ಅಲ್ಲಿ ನನ್ನ ಜೊತೆ ಅದೇ ಯಂತ್ರದ ಮೇಲೆ ಇದ್ದವನು ಇದ್ರೀಸ್. ನನಗೆ ಅರಬ್ಬಿ ಬಾರದು, ಅವನಿಗೆ ಕನ್ನಡ ಬಾರದು. ಆದರೆ ನಮ್ಮ ಕಡೆಯ ದಖನಿ ಉರ್ದುವಿನಲ್ಲಿ ಓಡಾಡುವ ದವಾ, ವಕ್ತ್, ಕಿತಾಬ್, ದುನಿಯಾ ಎಲ್ಲ ಅವನ ಮಾತಿನಲ್ಲೂ ಇದ್ದವು. ಅಷ್ಟು ಬಂಡವಾಳದಲ್ಲಿ ಯಂತ್ರವೂ ನಡೆಯಿತು, ಗೆಳೆತನವೂ ನಡೆಯಿತು.

ಆ ಗೆಳೆತನ ಶುರುವಾದದ್ದು ಮಾತ್ರ ಜಗಳದಿಂದ. ಅಲ್ಲಿಯವರು ಊಟಕ್ಕೆ ಒಂದು ದೊಡ್ಡ ಪರಾತದ, ಅಂದರೆ ಅಗಲ ತಾಟಿನ, ಸುತ್ತ ಕೂಡುತ್ತಾರೆ, ಎಲ್ಲರ ಕೈಯೂ ಅದರಲ್ಲೇ. ಮೊದಲ ದಿನ ನಾನು ಏನು ಮಾಡಿದೆ ಗೊತ್ತೇ? ನನ್ನ ಡಬ್ಬಿಯ ಮುಚ್ಚಳದಲ್ಲಿ ಒಂದಿಷ್ಟು ಹಾಕಿಸಿಕೊಂಡು, ಗೋಡೆಯ ಕಡೆ ಹೋಗಿ ಕುಳಿತು ಉಂಡೆ. ಉಂಡು ಮುಚ್ಚಳ ತೊಳೆದು ಬೋರಲು ಹಾಕಿದೆ. ಅಧಿಕಾರಿಗಳೇ, ತಾವು ಬೇರೆ ಜಿಲ್ಲೆಯಿಂದ ಬಂದವರಿರಬಹುದು, ಆದರೂ ಇದು ತಮಗೆ ಅರ್ಥವಾಗದ ಮಾತಲ್ಲ. ನಾನು ಹುಟ್ಟಿದ ಕೇರಿಯವರಿಗೆ ಊರ ಹೋಟೆಲಿನಲ್ಲಿ ಚಹಾದ ಕಪ್ಪು ಬೇರೆ ಇರುತ್ತಿತ್ತು. ಕುಡಿದವರೇ ತೊಳೆದು ಬೋರಲು ಹಾಕಬೇಕು. ಅಪ್ಪನ ಜೊತೆ ಹೋದಾಗಲೆಲ್ಲ ನೋಡಿದ್ದೆ. ಕಡಲು ದಾಟಿದರೂ ಕೈ ಅದನ್ನು ಮರೆಯಲಿಲ್ಲ.

ಇದ್ರೀಸ್ ಅದನ್ನು ತಿರುವುಮುರುವಾಗಿ ತಿಳಿದ. ಈ ಹಿಂದೂಸ್ತಾನದವನು ನಮ್ಮನ್ನು ಹೊಲಸು ಎಂದುಕೊಂಡಿದ್ದಾನೆ ಎಂದು ಅವನಿಗೆ ಸಿಟ್ಟು. ಮಾತು ಬಿಟ್ಟ, ನಟ್ಟು ಬಿಗಿಯುವ ಪಾನಾ ಕೇಳಿದರೆ ಎಸೆದು ಕೊಡುತ್ತಿದ್ದ. ಕೊನೆಗೊಂದು ದಿನ ಊಟದ ಹೊತ್ತಿಗೆ ತನ್ನ ಎರಡೂ ಅಂಗೈ ನನ್ನ ಮುಖದ ಮುಂದೆ ಹಿಡಿದು, ಇದರಲ್ಲಿ ಏನು ಕೆಟ್ಟದ್ದಿದೆ ತೋರಿಸು ಎಂದ. ಗೊತ್ತಿದ್ದ ಅಷ್ಟೂ ಪದ ಸೇರಿಸಿ, ಕೈಸನ್ನೆ ಮಾಡಿ ವಿವರಿಸಿದೆ: ನಿನ್ನ ಕೈ ಅಲ್ಲಪ್ಪಾ, ನನ್ನ ಕೈ. ಅವನು ಮೊದಲು ನಗೆಚಾಟಿಕೆ ಎಂದುಕೊಂಡು ನಕ್ಕ. ಆಮೇಲೆ ನನ್ನ ಮುಖ ನೋಡಿ, ಮುಂಗೈ ಹಿಡಿದು ಪರಾತದಲ್ಲಿ ಇಟ್ಟುಬಿಟ್ಟ. ಅವತ್ತು ಅದರಲ್ಲಿ ಇದ್ದದ್ದು ಕಿಸ್ರಾ ಎಂಬ ತೆಳ್ಳನೆಯ ರೊಟ್ಟಿ. ಹಿಟ್ಟು ಹುಳಿ ಬರಿಸಿ ಹಂಚಿನ ಮೇಲೆ ಹರಡುತ್ತಾರೆ. ಬಾಯಿಗಿಟ್ಟೆ, ನಮ್ಮ ಜೋಳ! ಅಷ್ಟು ದೂರ ಹೋಗಿ ನಮ್ಮ ಹೊಲದ ಜೋಳವನ್ನು ನಾಲ್ಕು ಜನರ ಜೊತೆ ಒಂದೇ ತಾಟಿನಲ್ಲಿ ಉಂಡೆನಲ್ಲ ಎಂದು ಹಿಗ್ಗಿದೆ.

ಆಮೇಲೆ ಅಲ್ಲಿ ಲಡಾಯಿ ಹತ್ತಿತು. ರಂಜಾನಿನ ಉಪವಾಸದ ದಿನಗಳು. ಒಂದು ದೇಶದ ಎರಡು ಪಡೆ ಒಂದೇ ಊರಿನೊಳಗೆ ನಿಂತು ಒಂದನ್ನೊಂದು ಸುಡತೊಡಗಿದವು. ಸೇತುವೆಗಳು ಬಂದಾದವು, ನಾನಿದ್ದ ವಸತಿಗೃಹ ನದಿಯ ಆಚೆ ದಂಡೆಯಲ್ಲಿ ಉಳಿಯಿತು. ಇದ್ರೀಸ್ ಕಾರ್ಖಾನೆಯಿಂದಲೇ ನನ್ನನ್ನು ತನ್ನ ಮನೆಗೆ ಕರೆದುಕೊಂಡು ಹೋದ. ನಳದಲ್ಲಿ ನೀರಿಲ್ಲ, ನದಿಯಿಂದ ಹೊತ್ತು ತರಬೇಕು, ದಾರಿಯಲ್ಲಿ ಗುಂಡು. ಮನೆಯಲ್ಲಿ ಅವನ ತಾಯಿ ಹಾಜಾ, ಅವನ ಹೆಂಡತಿ ತೀರಿಕೊಂಡ ಮೇಲೆ ಹಾಜಾಳೇ ಬೆಳೆಸಿದ ಮೊಮ್ಮಗಳು ಹವ್ವಾ, ಇದ್ರೀಸ್, ಮತ್ತೆ ನಾನು. ಪರಾತದಲ್ಲಿ ದಿನದಿನಕ್ಕೆ ಕಿಸ್ರಾ ಕಡಿಮೆಯಾಗುತ್ತಿತ್ತು. ಹಾಜಾ ತನ್ನ ಕಡೆಯ ತುಂಡನ್ನು ಬೆರಳಿನಿಂದ ನನ್ನ ಕಡೆ ತಳ್ಳುತ್ತಿದ್ದಳು. ನಾನು ತಿನ್ನುತ್ತಿದ್ದೆ. ಹಸಿವಾಗಿತ್ತು.

ಒಂದು ಮಧ್ಯಾಹ್ನ ಬಂದೂಕಿನವರು ಮನೆಗೆ ನುಗ್ಗಿದರು. ಹೊರದೇಶದವರು ಸಿಕ್ಕರೆ ಎಳೆದುಕೊಂಡು ಹೋಗುತ್ತಾರೆ ಎಂಬ ಸುದ್ದಿ ಆಗಲೇ ಹಬ್ಬಿತ್ತು. ರೋಜಾದ ಉಪವಾಸ ಹಿಡಿದಿದ್ದ ಹಾಜಾ ಅವರ ಬೂಟಿನ ಸದ್ದು ಕೇಳಿದ ಕೂಡಲೇ ನನ್ನ ಊಟಕ್ಕೆಂದು ಮುಚ್ಚಿಟ್ಟಿದ್ದ ಪರಾತ ಎಳೆದು ನನ್ನ ಮುಂದಿಟ್ಟಳು, ತಾನೂ ಕೈ ಹಾಕಿದಳು, ಮಗನಿಗೂ ಹಾಕಲು ಹೇಳಿದಳು. ನನಗಾಗಿ ಆ ಮನೆಯವರು ಉಪವಾಸ ಮುರಿದರು. ಬಂದೂಕು ಹಿಡಿದವನು ನನ್ನನ್ನೇ ನೋಡಿ, ಇವನು ಯಾರು ಎಂದ. ಇದ್ರೀಸ್ ತುತ್ತು ಜಗಿಯುತ್ತಲೇ, ಮನೆಯವನು ಎಂದ. ನನ್ನ ಮೈಬಣ್ಣ ಅಲ್ಲಿ ಉಪಯೋಗಕ್ಕೆ ಬಂತು, ಆದರೆ ಬರೀ ಬಣ್ಣದಿಂದ ಆ ಮನುಷ್ಯ ನಂಬಲಿಲ್ಲ. ಒಂದೇ ತಾಟಿನಲ್ಲಿದ್ದ ನಮ್ಮ ಕೈಗಳನ್ನು ನೋಡಿ ನಂಬಿದ. ಹೊರಟುಹೋದ.

ತಮ್ಮ ವರದಿಯ ಮಾತಿಗೆ ಬರುತ್ತೇನೆ. ಇವನು ನಿನಗೆ ಏನಾಗಬೇಕು ಎಂಬ ಪ್ರಶ್ನೆಯನ್ನು ಅಲ್ಲಿ ಕೇಳಿದವನು ಕೊಲೆಗಾರನಾಗಿದ್ದ, ಅವನಿಗೆ ಒಂದು ಮಾತು ಸಾಕಾಯಿತು. ಇಲ್ಲಿ ಕೇಳಿದವರು ತಾವು, ಓದಿದವರು, ರಾಷ್ಟ್ರಗೀತೆಗೆ ನೆಟ್ಟಗೆ ನಿಲ್ಲುವವರು. ತಮಗೆ ಎಷ್ಟು ಮಾತು ಬೇಕು? ತಮ್ಮ ಸಿಬ್ಬಂದಿ ನನ್ನ ಮನೆಗೆ ಬಂದು ಕುರ್ಚಿಯ ತುದಿಯಲ್ಲಿ ಕುಳಿತು, ಕೊಟ್ಟ ಚಹಾ ಮುಟ್ಟದೆ, ‘ನೀವು ಅವರ ಪೈಕಿ ಅಲ್ಲ, ಅವರು ನಿಮ್ಮ ಪೈಕಿ ಅಲ್ಲ. ನಿಮಗ್ಯಾಕ ಬೇಕ್ರಿ ಇದು?’ ಎಂದರು. ಗೆಳೆಯನ ಮಗಳು ಎಂದೆ. ‘ಗೆಳೆಯಾ ಅಂದ್ರ ಸಂಬಂಧ ಅಲ್ರಿ’ ಎಂದರು. ಚಹಾ ಆರಿತು. ಅವರು ಯಾಕೆ ಮುಟ್ಟಲಿಲ್ಲ ಎಂಬುದನ್ನು ನಾನು ಕೇಳಲಿಲ್ಲ, ಆ ಕಪ್ಪನ್ನು ತೊಳೆದಿಡುವಾಗ ಅಪ್ಪ ನೆನಪಾದ.

ಅಲ್ಲಿಂದ ಅವರು ಬಸವಕಲ್ಯಾಣಕ್ಕೆ ಹೋದರು. ಅಲ್ಲಿ ನಮ್ಮ ಸರ್ವರಿ ಆಪಾ ಇದ್ದಾರೆ, ಶಾಲೆಯೊಂದರಲ್ಲಿ ಉರ್ದು ಕಲಿಸಿ ನಿವೃತ್ತರಾದವರು. ಹವ್ವಾ ಸೇರಬೇಕಾದ ಫಾರ್ಮಸಿ ಕಾಲೇಜಿಗೆ ಹೋಗಿಬರಲು ಅನುಕೂಲವೆಂದು ಆಪಾ ತಮ್ಮ ಮನೆಯ ಮುಂದಿನ ಕೋಣೆ ಬಿಟ್ಟುಕೊಟ್ಟು, ಸುಣ್ಣ ಬಳಿಸಿ, ಕಿಟಕಿಗೆ ಪರದೆ ಹೊಲಿದಿಟ್ಟಿದ್ದಾರೆ. ಅವರನ್ನು ಕೇಳಿದ್ದು ಉಲ್ಟಾ ಪ್ರಶ್ನೆ: ಹುಡುಗಿ ನಿಮ್ಮ ಪೈಕಿ, ಅದಕ್ಕೇ ತಾನೇ ಜಾಗ ಕೊಡುತ್ತಿದ್ದೀರಿ, ನಡುವೆ ಈ ದಿಗಂಬರ ಯಾಕೆ? ನಾನು ಆ ಪೈಕಿ ಅಲ್ಲದ್ದಕ್ಕೆ ಸಂಶಯ, ಆಪಾ ಆ ಪೈಕಿ ಆದದ್ದಕ್ಕೆ ಸಂಶಯ. ಮಧ್ಯದಲ್ಲಿ ಹುಟ್ಟಲು ಜಾಗ ಎಲ್ಲಿದೆ, ತಾವೇ ತೋರಿಸಿ. ಆಪಾ ನನಗೆ ಫೋನು ಮಾಡಿ ಮೆಲ್ಲಗೆ ಹೇಳಿದ್ದು ಇಷ್ಟೇ: ‘ಬೇಟಾ, ಆ ಪೋರಿಗಿ ಇದೆಲ್ಲಾ ಹೇಳಬ್ಯಾಡ. ನಮ್ಮೂರಿನ ಮಾನ ಹೋಗ್ತದ.’

ನಾನು ಕೃತಘ್ನನಲ್ಲ. ನಮ್ಮವರನ್ನು ಕರೆತರಲು ಸರಕಾರದ ಬಸ್ಸು ಬಂದದ್ದು ನಿಜ, ಹಡಗು ಬಂದದ್ದು ನಿಜ, ಈ ದೇಶ ನನ್ನನ್ನು ಬಿಡಲಿಲ್ಲ. ಎಲ್ಲಿ ಬೇಕಾದರೂ ಇದನ್ನು ಹೇಳುತ್ತೇನೆ. ಆದರೆ ಆ ಬಸ್ಸಿನವರೆಗೆ ನನ್ನನ್ನು ನಡೆಸಿಕೊಂಡು ಬಂದವನು ಯಾರು? ನಾಕಾಬಂದಿಯೊಂದರಲ್ಲಿ ಬಂದೂಕಿನ ಹಿಡಿಯಿಂದ ಪೆಟ್ಟು ತಿಂದು, ರಕ್ತ ಒರೆಸಿಕೊಂಡು, ನಡಿ ನಡಿ ಎಂದವನು ಯಾರು? ಮೊದಲ ಸನ್ಮಾನಕ್ಕೆ ಮುಂಚೆ ತಮ್ಮ ಕಚೇರಿಯವರು ನನ್ನನ್ನು ಪಕ್ಕಕ್ಕೆ ಕರೆದು, ‘ಆ ಸುಡಾನದವನ ಕಥಿ ಸ್ವಲ್ಪ ಕಮ್ಮಿ ಮಾಡ್ರಿ, ಹಡಗಿನ ಕಥಿ ಹೇಳ್ರಿ’ ಎಂದಿದ್ದರು. ನಾನು ಕಮ್ಮಿ ಮಾಡಿದೆ. ಈಗಲೂ, ಕರೆದ ಸಭೆಗಳಲ್ಲೆಲ್ಲ, ಮಾಡುತ್ತಿದ್ದೇನೆ. ಪ್ರತಿ ಸಲ ಇದ್ರೀಸ್ ಒಂದು ವಾಕ್ಯ ಸಣ್ಣವನಾಗುತ್ತಾನೆ. ಹೋದ ಸಲದ ಭಾಷಣದಲ್ಲಿ ‘ಸ್ಥಳೀಯರ ಸಹಕಾರದಿಂದ’ ಎಂಬಷ್ಟಕ್ಕೆ ಬಂದು ನಿಂತಿದ್ದ. ಚಪ್ಪಾಳೆ ಚೆನ್ನಾಗಿಯೇ ಬಿತ್ತು, ಥೂ ನನ್ನ ಬಾಳಿಗೆ.

ಇದ್ರೀಸ್ ಈಗಲೂ ಆ ಊರಲ್ಲೇ ಇದ್ದಾನೆ. ಹಾಜಾ ಮನೆ ಬಿಟ್ಟು ಬರುವುದಿಲ್ಲ, ಅವನು ತಾಯಿಯನ್ನು ಬಿಟ್ಟು ಬರುವುದಿಲ್ಲ. ಹವ್ವಾಳನ್ನು ಹೇಗೋ ಕೈರೋದಲ್ಲಿರುವ ತನ್ನ ತಂಗಿಯ ಹತ್ತಿರ ತಲುಪಿಸಿದ. ಅಲ್ಲಿ ಅವಳ ವಾಸದ ಪರವಾನಗಿ ಮುಗಿಯುತ್ತ ಬಂದಿದೆ. ಇಲ್ಲಿ ಕಾಲೇಜಿನ ಪ್ರವೇಶ ಮುಚ್ಚುತ್ತ ಬಂದಿದೆ. ತಮ್ಮ ವರದಿ ಹೋಗದಿದ್ದರೆ ಆ ಹುಡುಗಿ ಗುಂಡು ಹಾರುವ ಊರಿಗೇ ವಾಪಸು ಹೋಗಬೇಕು. ನನ್ನ ಅವ್ವ ಅಂಬುಬಾಯಿ ಆ ಮಗುವಿನ ಮುಖವನ್ನು ಫೋನಿನಲ್ಲಿ ಮಾತ್ರ ನೋಡಿದ್ದಾಳೆ. ನನ್ನನ್ನು ದಿನಾ ಕೇಳುತ್ತಾಳೆ: ‘ನಿನಗ ಉಣ್ಣಾಕ ಹಾಕಿದವರ ಮಗಳಿಗಿ ಬಾ ಅನ್ನಾಕ ಇಷ್ಟ್ಯಾಕ ತಡಾ ಮಾಡಾಕತ್ತಿದಿ?’ ಕಚೇರಿ, ವರದಿ, ಮರುವಿಚಾರಣೆ ಎಂದು ಏನೇನೋ ಹೇಳುತ್ತೇನೆ. ಅವಳು ನನ್ನ ಮೇಲೆ ಸಂಶಯಪಡುತ್ತಾಳೆ. ಪಡಲಿ ಬಿಡಿ, ತಪ್ಪೇನಿಲ್ಲ.

ಅಲ್ಲಿ ಫೋನಿನ ಸಂಪರ್ಕ ತಿಂಗಳುಗಟ್ಟಲೆ ಇರುವುದಿಲ್ಲ. ಮೊನ್ನೆ ಸಿಕ್ಕಿತೆಂದು ತೋರುತ್ತದೆ, ಇದ್ರೀಸನ ದನಿಯ ಸಂದೇಶವೊಂದು ಬಂತು. ಮಗಳ ಕೆಲಸ ಎಲ್ಲಿಗೆ ಬಂತು ಎಂದು ಬೈಯುತ್ತಾನೆ ಎಂದುಕೊಂಡೇ ಕಿವಿಗೆ ಹಿಡಿದೆ. ಅವನ ಅರಬ್ಬಿ, ದಖನಿ ಕಲಸಿದ ಮಾತನ್ನು ನಮ್ಮ ಮಾತಿಗೆ ತಂದರೆ ಹೀಗೆ: ‘ದಿಗಂಬರ, ಇಷ್ಟು ತಿಂಗಳಾತು, ಒಂದು ಕಾಗದಾ ಹೊರಗ ಬರಲಿಲ್ಲ ಅಂದ್ರ ನನಗ ತಿಳೀತು. ನಿಮ್ಮೂರಾಗೂ ಲಡಾಯಿ ಹತ್ತೇದ ಅಲ್ಲ? ಕಚೇರಿ ಎಲ್ಲಾ ಬಂದ್ ಅದಾವ ಅಲ್ಲ? ನನಗ ಹೇಳಾಕ ನಾಚಬ್ಯಾಡ. ನಿಮ್ಮ ಅವ್ವಗ ಕರಕೊಂಡು ಇಲ್ಲೇ ಬಾ. ನಮ್ಮ ಮನ್ಯಾಗ ಇನ್ನಾ ಒಂದು ಖೋಲಿ ಮ್ಯಾಗ ಛಾವಣಿ ಅದ.’

ಅದನ್ನು ಕೇಳಿದ ಮೇಲೆ ನನಗೆ ಊಟ ಸೇರುತ್ತಿಲ್ಲ. ನಮ್ಮೂರಿನಲ್ಲಿ ಯುದ್ಧವಿಲ್ಲ. ಗಂಜಿನ ಮಾರುಕಟ್ಟೆಯಲ್ಲಿ ತೊಗರಿಯ ಲಾರಿಗಳು ನಿಂತಿವೆ, ಹೆದ್ದಾರಿಯಲ್ಲಿ ಧಾಬಾಗಳು ತುಂಬಿವೆ, ತಮ್ಮ ಕಚೇರಿ ಹೊತ್ತಿಗೆ ಸರಿಯಾಗಿ ತೆರೆಯುತ್ತದೆ, ಫ್ಯಾನು ತಿರುಗುತ್ತದೆ. ಎಲ್ಲವೂ ಕ್ಷೇಮ. ಇಷ್ಟು ಕ್ಷೇಮವಾಗಿರುವ ಊರು ಒಬ್ಬ ಹುಡುಗಿಗೆ ಬಾ ಎನ್ನಲಿಲ್ಲ ಎಂದು ಅವನಿಗೆ ನಾನು ಯಾವ ಬಾಯಿಂದ ಹೇಳಲಿ? ಹೌದಪ್ಪಾ, ಇಲ್ಲೂ ಲಡಾಯಿ ಎಂದು ಸುಳ್ಳು ಹೇಳಿ ಊರಿನ ಮಾನ ಉಳಿಸಲೇ?

ನನ್ನ ಬೇಡಿಕೆ ದೊಡ್ಡದಲ್ಲ. ಸಂಬಂಧ ಎಂದಿರುವ ಕಡೆ ‘ಒಂದೇ ಪರಾತದಲ್ಲಿ ಉಂಡವರು’ ಎಂದು ಬರೆದು ಈ ವಾರವೇ ವರದಿ ಕಳಿಸಿ. ಕಳಿಸಿದರೆ ನಾನು ವೇದಿಕೆಗೆ ಬಂದು ಇದ್ರೀಸನ ಕಥೆಯನ್ನು ಪೂರ್ತಿ ಹೇಳುತ್ತೇನೆ, ತಾವು ಪಕ್ಕದಲ್ಲೇ ಕುಳಿತು ಕೇಳಬೇಕು. ಕಳಿಸಲು ಆಗದಿದ್ದರೆ ಶಾಲು ಬೇಡ. ನನ್ನ ಫೋನು ತಮ್ಮ ಮೇಜಿನ ಮೇಲೆ ತಂದಿಡುತ್ತೇನೆ. ಕಚೇರಿ ಯಾಕೆ ಬಂದ್ ಇದೆ ಎಂದು ಅವನಿಗೆ ತಾವೇ ಹೇಳಿ.

ಇಂತಿ,
ಸಂಬಂಧ ಸ್ಪಷ್ಟವಿಲ್ಲದ,
ಅಲ್ಲಿಯ ಮನೆಯವನೂ ಇಲ್ಲಿಯ ಸ್ಥಳೀಯನೂ ಆದ,
ದಿಗಂಬರ
ಹುಮನಾಬಾದ್