ಕಂಬದ ಮೇಲ್ತುದಿ

ಅತ್ತೆಯವರಿಗೆ ನಮಸ್ಕಾರ.

ನಿಮ್ಮ ಮಗಳಿಗೆ ಸೊಂಟದ ಕೆಳಗೆ ಇನ್ನೂ ಸ್ವಾಧೀನ ಬಂದಿಲ್ಲ. ಬರುವಾಗ ಮುಂದೆ ಗುಂಡಿಯಿರುವ ಎರಡು ಸಡಿಲ ನೈಟಿ ತನ್ನಿ. ‘ಈ ವಯಸ್ಸಲ್ಲಿ ಕಂಬ ಹತ್ತಿ ಕುಣಿಯೋ ಹುಚ್ಚು ಯಾಕೆ ಬೇಕಿತ್ತು?’ ಎಂದು ಬೈಯಬೇಡಿ. ವ್ಯಾಯಾಮಕ್ಕೆಂದು ಹಾಲ್‌ನಲ್ಲಿ ಆ ಸ್ಟೀಲ್ ಕಂಬ ನಿಲ್ಲಿಸಿಕೊಂಡು, ವಿಡಿಯೊ ನೋಡಿ ವರ್ಷವಿಡೀ ಕಲಿತಳು, ಒಮ್ಮೆಯೂ ಜಾರಿರಲಿಲ್ಲ. ಕೈ ಜಾರದಿರಲೆಂದು ದಿನವೂ ಸ್ಪಿರಿಟ್ ಹಾಕಿ ಒರೆಸಿಯೇ ಹತ್ತುತ್ತಿದ್ದಳು.

ಬಿದ್ದ ದಿನವೂ ಒರೆಸಿ, ಬಟ್ಟೆ ಬದಲಿಸಲು ಒಳಗೆ ಹೋದಳು. ಮೇಲ್ತುದಿಯಲ್ಲಿ ತುಕ್ಕು ಕಂಡು ನಾನು ಸ್ಟೂಲ್ ಹತ್ತಿ ಎಣ್ಣೆ ಸವರಿದೆ, ಅವಳಿಗೆ ಹೇಳಲಿಲ್ಲ.

‘ನನ್ನ ಕೈಯೇ ಬೆವೆತಿತ್ತು ಕಣ್ರೀ’ ಅನ್ನುತ್ತಾಳೆ. ನೀವು ಬಂದ ಮೇಲೆ ನಿಮ್ಮೆದುರೇ ಅವಳಿಗೆ ನಿಜ ಹೇಳುತ್ತೇನೆ, ಬೇಗ ಬನ್ನಿ. ನಿನ್ನೆ ಮಲಗಿದಲ್ಲಿಂದಲೇ, ‘ಕಂಬಕ್ಕೆ ತುಕ್ಕು ಹಿಡಿಯೋಕೆ ಬಿಡಬೇಡಿ, ಎದ್ಮೇಲೆ ಬೇಕು’ ಎಂದಳು.

ನಿಮ್ಮ ಅಳಿಯ